ಚೀಲ ಕಣ್ಣಿಗೋ, ಹೆಗಲಿಗೋ?

ಬೆಳಗಿನ ಜಾವ ಬಂಗಾರಪೇಟೆ ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಹತ್ತು ನಿಮಿಷ ನಿಂತು ನೋಡಿ. ಜನರ ಮುಖ ನೋಡಬೇಕಾಗಿಲ್ಲ. ಆ ಹೊತ್ತಿನಲ್ಲಿ ಎಲ್ಲ ಮುಖಗಳೂ ಒಂದೇ, ಅರ್ಧ ನಿದ್ದೆಯವು. ಅವರ ಚೀಲಗಳನ್ನು ನೋಡಿ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿ, ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲ, ಮಗನ ಹಳೆಯ ಸ್ಕೂಲ್ ಬ್ಯಾಗು, ಎದೆಗೆ ಅಡ್ಡಲಾಗಿ ಇಳಿಬಿದ್ದ ಸ್ಲಿಂಗ್ ಬ್ಯಾಗು, ಕಂಪನಿಯ ಹೆಸರು ಬರೆದ ಲ್ಯಾಪ್‌ಟಾಪ್ ಬ್ಯಾಗು, ಅಂಚು ಸವೆದ ಬ್ರೀಫ್‌ಕೇಸು. ಮಾರಿಕುಪ್ಪಂ ಕಡೆಯಿಂದ ರೈಲು ಬಂದು ನಿಂತಾಗ ಮೊದಲು ಬಾಗಿಲೊಳಗೆ ನುಗ್ಗುವುದು ಈ ಚೀಲಗಳು. ಅವುಗಳ ಹಿಂದೆ ಮನುಷ್ಯರು.

ನಮ್ಮ ಸೀಮೆಗೂ ಈ ರೈಲಿಗೂ ಹಳೆಯ ನಂಟು. ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ರೈಲು ಓಡಲು ಆರಂಭಿಸಿದ್ದು 1864ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂಬ ಹೆಸರು ಬಂದದ್ದು ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರಿಂದ. ಮುಂದೆ ಚಿನ್ನದ ಗಣಿಗಾಗಿಯೇ ಮಾರಿಕುಪ್ಪಂವರೆಗೆ ಒಂದು ಕವಲು ಹಾದಿಯೂ ಬಂತು. ಆಗ ಅನ್ನ ಅರಸಿಕೊಂಡು ಜನ ಎಲ್ಲೆಲ್ಲಿಂದಲೋ ಕೆ.ಜಿ.ಎಫ್.ಗೆ ಬರುತ್ತಿದ್ದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅಂದಿನಿಂದ ದಾರಿ ತಿರುಗಿತು. ಈಗ ಅದೇ ಹಳಿಯ ಮೇಲೆ ಅದೇ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ದಿನ ಬೆಳಗಾದರೆ ಬೆಂಗಳೂರಿಗೆ ಹೊರಡುತ್ತಾರೆ. ನಮ್ಮ ಬೇತಮಂಗಲದವರೂ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ಆ ಸಾಲಿಗೆ ಸೇರುತ್ತಾರೆ. ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ಎಂದು ಒಬ್ಬೊಬ್ಬರು ಒಂದೊಂದು ಕಡೆ ಇಳಿಯುತ್ತಾರೆ. ಸಂಜೆ ಮತ್ತೆ ಇದೇ ಪಾಡು, ತಿರುಗುಮುರುಗಾಗಿ.

ಸೀಸನ್ ಪಾಸು ಎಷ್ಟು, ಯಾವ ರೈಲು ಯಾವಾಗ, ಯಾವ ಬೋಗಿಯಲ್ಲಿ ಸೀಟು ಸಿಗಬಹುದು ಎಂಬ ಲೆಕ್ಕಗಳಲ್ಲಿ ಇವರೆಲ್ಲ ಪಂಡಿತರು. ಆದರೆ ದಿನಕ್ಕೆ ನಾಲ್ಕೈದು ಗಂಟೆ ಮೈಗಂಟಿಕೊಂಡೇ ಇರುವ ಆ ಚೀಲದ ಬಗ್ಗೆ ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಅಂಗಡಿಯಲ್ಲಿ ಚೆನ್ನಾಗಿ ಕಂಡಿತು, ಬೆಲೆ ಹೊಂದಿತು, ತಂದೆವು ಎಂಬುದೇ ಸಾಮಾನ್ಯ. ನಾನೂ ಹಾಗೆಯೇ ಇದ್ದವನು. ಒಂದು ಭಾನುವಾರ ನನ್ನ ಕಣ್ಣು ತೆರೆಯಿತು.

ತಕ್ಕಡಿ ಹೇಳಿದ ಮಾತು

ಅಂದು ಮನೆಗೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಜ್ಜ ಗಣಿಗಿಳಿದು ದುಡಿದವರು. ಅವಳು ಬಿ.ಕಾಂ. ಮುಗಿಸಿ ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ ಹಿಡಿದು ಏಳೆಂಟು ತಿಂಗಳಾಗಿತ್ತು. ಆ ಮನೆಯಿಂದ ತಿಂಗಳ ಸಂಬಳದ ಕೆಲಸಕ್ಕೆ ಹೊರಟ ಮೊದಲ ಹೆಣ್ಣುಮಗಳು. ಕುಶಲ ಕೇಳುವಾಗಲೇ ಅವಳು ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

‘ಏನಮ್ಮ, ಕೈಗೇನಾಯಿತು?’ ಎಂದೆ.

‘ಜೋಮು ಹಿಡಿಯುತ್ತೆ ಸಾರ್. ಬೆರಳೆಲ್ಲ ಜುಮ್ ಅನ್ನುತ್ತೆ. ಕುತ್ತಿಗೆಯಿಂದ ಹೆಗಲವರೆಗೂ ನೋವು. ಡಾಕ್ಟರ ಹತ್ತಿರ ಹೋಗಿದ್ದೆ, ಪರೀಕ್ಷೆ ಮಾಡಿ ಖಾಯಿಲೆ ಏನೂ ಇಲ್ಲ ಅಂದರು. ಅಮ್ಮ ಮಾತ್ರ ಇಷ್ಟೊಂದು ನೋವು ತಿಂದುಕೊಂಡು ಯಾಕೆ ಹೋಗುತ್ತೀಯ, ಬಿಟ್ಟುಬಿಡು ಕೆಲಸಾನ ಅನ್ನುತ್ತಾ ಇದ್ದಾರೆ.’

ಅವಳು ಶನಿವಾರದ ಕೆಲಸ ಮುಗಿಸಿ ತಡವಾಗಿ ಬಂದು, ಬೆಳಿಗ್ಗೆ ಅದೇ ಚೀಲ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಕಪ್ಪು ಬಣ್ಣದ, ಹೊಳೆಯುವ ಬಕಲ್ ಇದ್ದ, ಒಂದೇ ಹೆಗಲಿಗೆ ತೂಗುಹಾಕುವ ಚರ್ಮದ ಬ್ಯಾಗು. ಕುರ್ಚಿಯ ಪಕ್ಕಕ್ಕೆ ಸರಿಸೋಣವೆಂದು ಎತ್ತಿದೆ. ಒಂದೇ ಕೈಯಲ್ಲಿ ಸುಲಭವಾಗಿ ಏಳಲಿಲ್ಲ. ಸ್ಕೂಲಿನ ಪ್ರಯೋಗಾಲಯದಿಂದ ರಿಪೇರಿಗೆಂದು ತಂದಿದ್ದ ಸ್ಪ್ರಿಂಗ್ ತ್ರಾಸು ಮನೆಯಲ್ಲಿತ್ತು. ಅದಕ್ಕೆ ತಗುಲಿಹಾಕಿದರೆ ಮುಳ್ಳು ತಳ ಮುಟ್ಟಿ ನಿಂತುಬಿಟ್ಟಿತು. ಕೊನೆಗೆ ಎದುರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆವು. 7 ಕಿಲೋ 900 ಗ್ರಾಂ! ಅಂಗಡಿಯವರು ‘ಏನು ಮೇಷ್ಟ್ರೇ, ಇದರಲ್ಲಿ ಅಕ್ಕಿ ಇದೆಯೇ?’ ಎಂದು ನಕ್ಕರು. ಹುಡುಗಿಯ ತೂಕ 48 ಕಿಲೋ. ಅಂದರೆ ತನ್ನ ತೂಕದ ಆರನೆಯ ಒಂದು ಭಾಗವನ್ನು ಒಂದೇ ಹೆಗಲಿನಲ್ಲಿ ತೂಗಿಸಿಕೊಂಡು ಅವಳು ದಿನವೂ ಬೇತಮಂಗಲದಿಂದ ವೈಟ್‌ಫೀಲ್ಡಿಗೆ ಓಡಾಡುತ್ತಿದ್ದಳು.

ನನಗೆ ಸಿಟ್ಟೇ ಬಂತು. ‘ಇಂಥ ಬ್ಯಾಗು ಯಾರು ಕೊಡಿಸಿದರಮ್ಮ ನಿನಗೆ?’ ಎಂದೆ.

ಅವಳು ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು: ‘ನೀವೇ ಸಾರ್.’

ನೆನಪಾಯಿತು. ಅವಳಿಗೆ ಕೆಲಸ ಸಿಕ್ಕಿತೆಂದು ತಿಳಿದಾಗ ಸಂತೋಷದಿಂದ ಬೆಂಗಳೂರಿನ ಅಂಗಡಿಯೊಂದರಲ್ಲಿ ನಾನೇ ಆರಿಸಿ ತಂದಿದ್ದ ಬ್ಯಾಗು ಅದು. ದೊಡ್ಡ ಕಚೇರಿಗೆ ಹೋಗುವ ಹುಡುಗಿ, ನಾಲ್ಕು ಜನರ ನಡುವೆ ಕಮ್ಮಿ ಕಾಣಬಾರದು ಎಂಬುದೊಂದೇ ಅಂದು ನನ್ನ ತಲೆಯಲ್ಲಿದ್ದದ್ದು. ‘ಬದಲಾಯಿಸಿದರೆ ನಿಮಗೆ ಬೇಜಾರಾಗುತ್ತೇನೋ ಅಂತ…’ ಎಂದು ಅವಳು ಮಾತು ನಿಲ್ಲಿಸಿದಳು.

ಮೂರು ದಶಕಗಳ ಕಾಲ ಮಕ್ಕಳಿಗೆ ಬಲ ಮತ್ತು ಒತ್ತಡದ ಪಾಠ ಹೇಳಿದವನು ನಾನು. ಒಂಟೆಯ ಪಾದ ಯಾಕೆ ಅಗಲ, ಮೊಳೆಯ ತುದಿ ಯಾಕೆ ಚೂಪು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದವನು. ಅಂಥವನು ಪಾಠವನ್ನು ತರಗತಿಯಲ್ಲೇ ಬಿಟ್ಟು ಅಂಗಡಿಗೆ ಹೋಗಿದ್ದೆ!

ಸಿಂಬೆ ಮತ್ತು ಹಸಿಬೆ

ನಮ್ಮ ಅಜ್ಜಿಯರು ಓದು ಬರಹ ಬಾರದಿದ್ದರೂ ಈ ವಿಜ್ಞಾನವನ್ನು ಬಲ್ಲವರಾಗಿದ್ದರು. ಕೆರೆಯಿಂದ ನೀರಿನ ಕೊಡ ಹೊರುವಾಗ ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಳ್ಳುತ್ತಿದ್ದರಲ್ಲ, ಅದರಿಂದ ಕೊಡದ ತೂಕವೇನೂ ಕಡಿಮೆಯಾಗುವುದಿಲ್ಲ. ತೂಕ ಕೂರುವ ಜಾಗ ಹೆಚ್ಚಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಒತ್ತಡವೆಂದರೆ ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು, ಇಷ್ಟೇ ಸೂತ್ರ.

ಅದನ್ನು ಆ ಬ್ಯಾಗಿಗೆ ಹೊಂದಿಸಿ ನೋಡೋಣ. ಅದರ ಪಟ್ಟಿಯ ಅಗಲ ಒಂದೂವರೆ ಸೆಂಟಿಮೀಟರ್. ಹೆಗಲ ಮೇಲೆ ಅದು ಒತ್ತಿ ಕೂರುವ ಉದ್ದ ಸುಮಾರು 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 15 ಚದರ ಸೆಂಟಿಮೀಟರ್ ಜಾಗದ ಮೇಲೆ 8 ಕಿಲೋ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗಿಂತ ಹೆಚ್ಚು. ಅದೇ 5 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳ ಬ್ಯಾಗಿನಲ್ಲಿ 5 ಕಿಲೋ ಸಾಮಾನು ಹೊತ್ತರೆ ತೂಕ 100 ಚದರ ಸೆಂಟಿಮೀಟರಿಗೆ ಹಂಚಿಹೋಗಿ, ಒಂದೊಂದಕ್ಕೆ ಬೀಳುವುದು 50 ಗ್ರಾಂ ಮಾತ್ರ. ಹತ್ತು ಪಟ್ಟು ವ್ಯತ್ಯಾಸ! ಕುತ್ತಿಗೆಯಿಂದ ಹೊರಟ ನರಗಳು ಕೊರಳೆಲುಬಿನ ಕೆಳಗೆ ಹಾದು ತೋಳಿಗೆ, ಬೆರಳಿಗೆ ಇಳಿಯುತ್ತವೆ. ಕಿರಿದಾದ ಪಟ್ಟಿ ಗಂಟೆಗಟ್ಟಲೆ ಹೆಗಲನ್ನು ಜಗ್ಗಿ ಅದುಮಿದರೆ ಬೆರಳು ಜುಮ್ಮೆನ್ನುವುದರಲ್ಲಿ ಆಶ್ಚರ್ಯವಿಲ್ಲ.

ಒತ್ತಡವಷ್ಟೇ ಅಲ್ಲ, ಸಮತೋಲದ ಪ್ರಶ್ನೆಯೂ ಇದೆ. ಒಂದೇ ಕಡೆ ಭಾರ ತೂಗಿದಾಗ ಪಟ್ಟಿ ಜಾರದಿರಲೆಂದು ನಾವು ಅರಿವಿಲ್ಲದೆ ಆ ಹೆಗಲನ್ನು ಮೇಲೆತ್ತಿ ಹಿಡಿಯುತ್ತೇವೆ. ಬೀಳದಿರಲೆಂದು ಸೊಂಟವನ್ನು ಇನ್ನೊಂದು ಕಡೆಗೆ ವಾಲಿಸುತ್ತೇವೆ. ಕುತ್ತಿಗೆಯ ಒಂದು ಮಗ್ಗುಲಿನ ಸ್ನಾಯುಗಳು ದಿನವಿಡೀ ಬಿಗಿದುಕೊಂಡೇ ಇರುತ್ತವೆ. ಹಿಂದೆ ನಮ್ಮ ಕಡೆಯ ವ್ಯಾಪಾರಿಗಳು ಸಂತೆಗೆ ಹೋಗುವಾಗ ಹೆಗಲ ಮೇಲೆ ಹಸಿಬೆ ಹಾಕಿಕೊಳ್ಳುತ್ತಿದ್ದರು. ನಡುವೆ ಬಾಯಿ, ಎರಡೂ ತುದಿಗೆ ಚೀಲ. ಒಂದು ಎದೆಯ ಕಡೆಗೆ, ಇನ್ನೊಂದು ಬೆನ್ನಿನ ಕಡೆಗೆ. ತಕ್ಕಡಿಯ ಎರಡು ತಟ್ಟೆಯಂತೆ ಭಾರ ಸಮನಾಗುತ್ತಿತ್ತು. ಹೆಗಲ ಮೇಲೆ ಅಡ್ಡೆ ಹೊರುವವರ ಲೆಕ್ಕವೂ ಅದೇ.

ಬೆನ್ನಿಗೆ ಹಾಕುವ ಬ್ಯಾಗು ಎರಡು ಹೆಗಲಿಗೂ ಭಾರ ಹಂಚುತ್ತದೆ, ನಿಜ. ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ. ಪಟ್ಟಿ ಸಡಿಲ ಬಿಟ್ಟು ಸೊಂಟದ ಕೆಳಗೆ ಜೋತಾಡಿಸಿದರೆ ಭಾರ ಬೆನ್ನಿನಿಂದ ದೂರ ಸರಿಯುತ್ತದೆ. ಸನ್ನೆಯ ತತ್ತ್ವ ಗೊತ್ತಲ್ಲ? ದೂರ ಎರಡರಷ್ಟಾದರೆ ಹಿಂದಕ್ಕೆ ಎಳೆಯುವ ಬಲದ ಪರಿಣಾಮವೂ ಎರಡರಷ್ಟು. ಅದನ್ನು ಸರಿದೂಗಿಸಲು ತಲೆ, ಎದೆ ಮುಂದಕ್ಕೆ ಬಾಗುತ್ತವೆ. ಆದ್ದರಿಂದ ಬ್ಯಾಗು ಬೆನ್ನಿಗೆ ಅಂಟಿಕೊಂಡಿರಬೇಕು, ಅದರ ತಳ ಸೊಂಟದ ಮಟ್ಟದಲ್ಲೇ ನಿಲ್ಲಬೇಕು. ಲ್ಯಾಪ್‌ಟಾಪು, ಊಟದ ಡಬ್ಬಿಯಂಥ ಭಾರದ ವಸ್ತುಗಳು ಬೆನ್ನಿನ ಕಡೆಗೂ, ಹಗುರವಾದವು ಹೊರಗಡೆಗೂ ಇರಬೇಕು.

ಆಫೀಸಿಗೆ ಒಪ್ಪುವುದು ಯಾವುದು?

‘ಅದೆಲ್ಲ ಸರಿ ಸಾರ್, ಆದರೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೋದರೆ ಸ್ಕೂಲ್ ಹುಡುಗಿ ಥರ ಕಾಣಲ್ಲವೇ?’ ಎಂದಳು ಹುಡುಗಿ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಂದರ್ಶನಕ್ಕೆ ಹೋದ ದಿನ ವೈರ್ ಬ್ಯಾಗು ಹಿಡಿದುಕೊಂಡು ಹೋಗಿದ್ದಳಂತೆ. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಹುಡುಗಿಯರು ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಯಾರೂ ಏನೂ ಅನ್ನಲಿಲ್ಲ. ಆದರೆ ಆ ನೋಟ ಅವಳಿಗೆ ಇನ್ನೂ ಮರೆತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಬಡವರ ಮಕ್ಕಳಿಗೆ ಚೀಲವೆಂದರೆ ಸಾಮಾನು ಹೊರುವ ವಸ್ತು ಮಾತ್ರವಲ್ಲ, ‘ನಾನೂ ನಿಮ್ಮಲ್ಲಿ ಒಬ್ಬಳು’ ಎಂದು ಹೇಳುವ ಗುರುತಿನ ಚೀಟಿ.

ಕಾಲಕಾಲಕ್ಕೆ ಈ ಗುರುತಿನ ಚೀಟಿ ಬದಲಾಗಿದೆ ಎಂಬುದನ್ನು ಮಾತ್ರ ನೆನಪಿಡಬೇಕು. ಒಂದು ಕಾಲಕ್ಕೆ ಸಾಹಿತಿಯೆಂದರೆ ಖಾದಿಯ ಬಗಲುಚೀಲ, ಅಧಿಕಾರಿಯೆಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಬ್ರೀಫ್‌ಕೇಸು, ಅಂಚೆಯವರೆಂದರೆ ಖಾಕಿ ಕ್ಯಾನ್‌ವಾಸ್ ಚೀಲ, ಕಂಡಕ್ಟರ್ ಎಂದರೆ ಚರ್ಮದ ಬ್ಯಾಗು. ಬ್ರೀಫ್‌ಕೇಸು ಹಿಡಿದು ಇಂದು ರೈಲು ಹತ್ತುವವರು ಬೆರಳೆಣಿಕೆಯಷ್ಟು. ಲ್ಯಾಪ್‌ಟಾಪು ಬಂದ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಮೇಲಧಿಕಾರಿಗಳೇ ಬೆನ್ನಿಗೆ ಬ್ಯಾಗು ಏರಿಸಿದ್ದಾರೆ. ಸ್ಕೂಲ್ ಬ್ಯಾಗಿಗೂ ಆಫೀಸಿನ ಬ್ಯಾಗಿಗೂ ಇರುವ ವ್ಯತ್ಯಾಸ ಅದನ್ನು ಎಲ್ಲಿ ಹಾಕಿಕೊಳ್ಳುತ್ತೇವೆ ಎಂಬುದರಲ್ಲಿಲ್ಲ, ಅದರ ಬಣ್ಣ ಮತ್ತು ಆಕಾರದಲ್ಲಿದೆ.

ಕಪ್ಪು, ಕಡು ನೀಲಿ, ಬೂದು, ಕಂದು ಇವುಗಳಲ್ಲಿ ಒಂದೇ ಬಣ್ಣ; ಮೇಲೆ ದೊಡ್ಡ ಅಕ್ಷರ, ಚಿತ್ರ, ಜೋತಾಡುವ ಗೊಂಡೆ ಇಲ್ಲ; ಹೊರಗಡೆ ಜೇಬುಗಳ ಸಂತೆಯಿಲ್ಲ; ನೆಲದ ಮೇಲಿಟ್ಟರೆ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ; ಈ ನಾಲ್ಕು ಗುಣಗಳಿದ್ದರೆ ಯಾವ ಆಫೀಸಿನಲ್ಲೂ ಅದು ಒಪ್ಪುತ್ತದೆ. ಮೇಲ್ಭಾಗದಲ್ಲಿ ಗಟ್ಟಿಯಾದ ಕೈಹಿಡಿ ಇರುವುದನ್ನು ಕೊಂಡರೆ ಇನ್ನೂ ಅನುಕೂಲ. ದಾರಿಯಲ್ಲಿ ಬೆನ್ನಿಗೆ, ಆಫೀಸಿನ ಬಾಗಿಲು ಬಂದಾಗ ಕೈಗೆ. ಇನ್ನೊಂದು ಮಾತು. ಹೆಗಲು ವಾಲಿಸಿಕೊಂಡು, ಮುಖ ಕಿವಿಚಿಕೊಂಡು ಬರುವವರ ಕೈಯಲ್ಲಿ ಎಷ್ಟು ದುಬಾರಿ ಬ್ಯಾಗಿದ್ದರೂ ಚೆನ್ನಾಗಿ ಕಾಣುವುದಿಲ್ಲ. ನೆಟ್ಟಗೆ ನಡೆದು ಬರುವವರ ಕೈಯಲ್ಲಿ ಸಾಧಾರಣ ಬ್ಯಾಗಿಗೂ ಒಂದು ಕಳೆ ಬರುತ್ತದೆ.

ಗಾಲಿಯ ಬ್ಯಾಗು ಹೇಗೆ ಎಂದು ಕೆಲವರು ಕೇಳುತ್ತಾರೆ. ಸಮತಟ್ಟಾದ ನೆಲದಲ್ಲಿ ಅದು ಸುಖವೇ. ಆದರೆ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು, ಕಿಕ್ಕಿರಿದ ಬೋಗಿ, ನಮ್ಮೂರ ಬಸ್ಸು ಇವುಗಳಲ್ಲಿ ಗಾಲಿಯೇ ಭಾರ. ಒಂದೇ ಪಟ್ಟಿಯ ಬ್ಯಾಗೇ ಬೇಕೆನ್ನುವವರು ಅದನ್ನು ಎದೆಗೆ ಅಡ್ಡವಾಗಿ ಹಾಕಿಕೊಳ್ಳಲಿ, ಪಟ್ಟಿ ಅಗಲವಿರಲಿ, ತೂಕ ಎರಡು ಮೂರು ಕಿಲೋ ದಾಟದಿರಲಿ, ಹೋಗುವಾಗ ಬಲಗಡೆ ಹಾಕಿದರೆ ಬರುವಾಗ ಎಡಗಡೆಗೆ ಬದಲಾಯಿಸಲಿ.

ಪಾಲಾರ್ ನದಿಯೂ ಚರ್ಮದ ಬ್ಯಾಗೂ

ಬ್ಯಾಗು ಯಾವುದರಿಂದ ಮಾಡಿದ್ದಿರಬೇಕು? ಚರ್ಮ ನೋಡಲು ಚೆಂದ, ಬಾಳಿಕೆಯೂ ಬರುತ್ತದೆ. ಆದರೆ ಖಾಲಿ ಇದ್ದಾಗಲೇ ಭಾರ. ನಾನು ಕೊಟ್ಟ ಬ್ಯಾಗು ಬರಿದಾಗಿದ್ದಾಗ 1 ಕಿಲೋ 450 ಗ್ರಾಂ ತೂಗಿತು. ಮಳೆಯಲ್ಲಿ ನೆಂದರೆ ಅದನ್ನು ನೆರಳಿನಲ್ಲಿ ನಿಧಾನವಾಗಿ ಆರಿಸಬೇಕು, ಆಗಾಗ ಎಣ್ಣೆ ಪಾಲೀಶು ಬೇಕು. ನಿತ್ಯ ಓಡಾಡುವವರಿಗೆ ಇದು ಆಗದ ಮಾತು.

ಚರ್ಮಕ್ಕೆ ಇನ್ನೊಂದು ಬೆಲೆಯೂ ಇದೆ, ಅದು ಅಂಗಡಿಯ ಚೀಟಿಯಲ್ಲಿ ಕಾಣುವುದಿಲ್ಲ. ಬೇತಮಂಗಲದ ಕೆರೆ ನಿಂತಿರುವುದು ಪಾಲಾರ್ ನದಿಗೆ ಅಡ್ಡಲಾಗಿ. ಗಣಿಯ ಊರಿಗೆ ಕುಡಿಯುವ ನೀರು ಹೋಗುತ್ತಿದ್ದುದು ಇಲ್ಲಿಂದಲೇ. ಅದೇ ಪಾಲಾರ್ ಮುಂದೆ ತಮಿಳುನಾಡಿಗೆ ಇಳಿದು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಕಡೆ ಹೋಗುತ್ತದೆ. ದೇಶಕ್ಕೇ ಹೆಸರಾದ ಚರ್ಮ ಹದ ಮಾಡುವ ಊರುಗಳು ಅವು. ಹಿಂದೆ ಚರ್ಮವನ್ನು ತಂಗಡಿ ಗಿಡದ ತೊಗಟೆಯಂಥ ವಸ್ತುಗಳಿಂದ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಹಳದಿ ಹೂವಿನ ಈ ಗಿಡ ನಮ್ಮ ಬೀಳುಗಳಲ್ಲಿ ತಾನೇ ತಾನಾಗಿ ಬೆಳೆಯುತ್ತದೆ. ಆಮೇಲೆ ಕ್ರೋಮಿಯಂ ಲವಣ ಬಳಸುವ ವಿಧಾನ ಬಂದು ಕೆಲಸ ಬೇಗ ಆಗತೊಡಗಿತು. ಆದರೆ ತ್ಯಾಜ್ಯ ನೀರು ಹರಿದು ನದಿ, ಬಾವಿ, ಹೊಲ ಕೆಟ್ಟವು. ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು, ಕೆಡಿಸಿದವರೇ ಅದರ ಬೆಲೆ ತೆರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದು ತೀರ್ಪು ಕೊಟ್ಟಿತು. ಚರ್ಮದ ವಸ್ತು ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಅದರಿಂದ ಬದುಕುವ ಕೈಗಳು ಎಷ್ಟೋ ಇವೆ. ಕೊಂಡರೆ ವರ್ಷಗಟ್ಟಲೆ ಜೋಪಾನವಾಗಿ ಬಳಸುವಂಥದ್ದನ್ನು ಕೊಳ್ಳಬೇಕು ಎಂದಷ್ಟೇ.

ಚರ್ಮದಂತೆ ಕಾಣುವ ರೆಕ್ಸಿನ್ ಬ್ಯಾಗುಗಳು ಅಗ್ಗ. ಅವು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟವು. ಕೆಲವು ಬಗೆಯ ಲೇಪ ಗಾಳಿಯ ತೇವಾಂಶಕ್ಕೆ ಸಿಕ್ಕು ಒಂದೆರಡು ವರ್ಷದಲ್ಲಿ ಹಪ್ಪಳದಂತೆ ಕಿತ್ತು ಬರುತ್ತದೆ. ಹತ್ತಿಯ ಕ್ಯಾನ್‌ವಾಸು ಗಟ್ಟಿ, ಹೊಲಿಸಲು ಸುಲಭ. ಆದರೆ ಕೊಳೆ ಮತ್ತು ನೀರು ಎರಡನ್ನೂ ಹೀರುತ್ತದೆ. ದಿನದ ರೈಲು ಪ್ರಯಾಣಕ್ಕೆ ಒಳಗಡೆ ನೀರು ತಡೆಯುವ ಲೇಪವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಬ್ಯಾಗೇ ವಾಸಿ ಎಂದು ನನ್ನ ಅಭಿಪ್ರಾಯ. ಇಂಥ ಬ್ಯಾಗಿನ ಚೀಟಿಯಲ್ಲಿ ‘600 ಡಿ’ ಎಂದೋ ‘900 ಡಿ’ ಎಂದೋ ಬರೆದಿರುವುದನ್ನು ಕಂಡಿರಬಹುದು. ‘ಡಿ’ ಎಂದರೆ ಡೆನಿಯರ್. ಒಂಬತ್ತು ಸಾವಿರ ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಆ ನೂಲಿನ ಡೆನಿಯರ್. ಸಂಖ್ಯೆ ಹೆಚ್ಚಾದಷ್ಟೂ ನೂಲು ದಪ್ಪ. ನೂಲು ದಪ್ಪವಾದಷ್ಟೂ ಬ್ಯಾಗು ಗಟ್ಟಿ ಎಂದು ಹೇಳಲಾಗದು, ನೇಯ್ಗೆಯೂ ಹೊಲಿಗೆಯೂ ಸರಿಯಿರಬೇಕು. ಆದರೆ ತೆಳುವಾದ ಬಟ್ಟೆಗೆ ದೊಡ್ಡ ಬೆಲೆ ತೆರದಿರಲು ಈ ಸಂಖ್ಯೆ ಸಹಾಯಕ್ಕೆ ಬರುತ್ತದೆ.

ಅಂಗಡಿಯಲ್ಲಿ ಒಂದು ಪ್ರಯೋಗ

ಖಾಲಿ ಬ್ಯಾಗು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತರೆ ಯಾವ ಬ್ಯಾಗೂ ಹಗುರವೇ, ಯಾರೂ ಸುಂದರರೇ. ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮ ಈಗಿನ ಚೀಲವನ್ನು ತುಂಬಿಕೊಂಡೇ ಹೋಗಿ. ಅದರ ಸಾಮಾನನ್ನೆಲ್ಲ ಹೊಸ ಬ್ಯಾಗಿಗೆ ವರ್ಗಾಯಿಸಿ, ಹೆಗಲಿಗೇರಿಸಿ, ಅಂಗಡಿಯೊಳಗೇ ಹತ್ತು ನಿಮಿಷ ನಡೆಯಿರಿ. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಹೆಗಲು ನಿಮ್ಮದು.

ಆಮೇಲೆ ಇವಿಷ್ಟನ್ನು ನೋಡಿ. ಪಟ್ಟಿಯ ಅಗಲ ನಿಮ್ಮ ಮೂರು ಬೆರಳಿಗಾದರೂ ಸಮನಾಗಿರಬೇಕು, ಒಳಗೆ ಮೆತ್ತೆ ಇರಬೇಕು. ಮೆತ್ತೆಯನ್ನು ಹಿಸುಕಿ ಬಿಟ್ಟರೆ ಮತ್ತೆ ಉಬ್ಬಬೇಕು. ಚಪ್ಪಟೆಯಾಗಿಯೇ ಉಳಿದರೆ ಆರು ತಿಂಗಳಿಗೆ ಅದು ಬರೀ ಬಟ್ಟೆ. ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಒಂದೇ ಗೆರೆಯ ಹೊಲಿಗೆ ಸಾಲದು. ಚೌಕ ಹಾಕಿ, ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿದಿರಬೇಕು. ಭಾರವೆಲ್ಲ ಎಳೆಯುವುದು ಅಲ್ಲಿಯೇ.

ಜಿಪ್ಪನ್ನು ಒಂದೇ ಕೈಯಲ್ಲಿ ಮೂಲೆಗಳಲ್ಲೂ ಎಳೆದು ನೋಡಿ. ಇಂದಿನ ರೂಪದ ಜಿಪ್ಪನ್ನು ಗಿಡಿಯಾನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರ್ ರೂಪಿಸಿದ್ದು 1913ರಲ್ಲಿ. ಅಂದಿನಿಂದ ಇಂದಿನವರೆಗೂ ಬ್ಯಾಗಿನಲ್ಲಿ ಮೊದಲು ಕೈಕೊಡುವ ಭಾಗ ಅದೇ! ಅನೇಕ ರನ್ನರುಗಳ ಹಿಂಬದಿಯಲ್ಲಿ 5, 8, 10 ಎಂಬ ಅಂಕಿಯಿರುತ್ತದೆ. ಅದು ಮುಚ್ಚಿದ ಹಲ್ಲುಗಳ ಅಗಲ ಸುಮಾರು ಎಷ್ಟು ಮಿಲಿಮೀಟರ್ ಎಂಬುದರ ಸೂಚನೆ. ಮುಖ್ಯ ಜಿಪ್ಪು 8 ಇದ್ದರೆ ಒಳ್ಳೆಯದು. ಜಿಪ್ಪು ಬಿಗಿಯಾದಾಗ ಹಲ್ಲುಗಳ ಮೇಲೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗುತ್ತದೆ. ರನ್ನರ್ ಸಡಿಲವಾದರೆ ಬ್ಯಾಗನ್ನು ಎಸೆಯಬೇಡಿ. ಬ್ಯಾಗು ರಿಪೇರಿಯವರು ರನ್ನರ್ ಒಂದನ್ನೇ ಅಲ್ಪ ಹಣಕ್ಕೆ ಬದಲಾಯಿಸಿ ಕೊಡುತ್ತಾರೆ.

ನಮ್ಮ ರೈಲಿನವರಿಗೆ ಇನ್ನೂ ಕೆಲವು ಮಾತುಗಳು. ಬ್ಯಾಗಿನ ಒಳಗಿನ ಬಟ್ಟೆ ತಿಳಿ ಬಣ್ಣದ್ದಿರಲಿ. ನಸುಕಿನ ಮಂದ ಬೆಳಕಿನಲ್ಲಿ ಕಪ್ಪು ಒಳಬಟ್ಟೆಯ ಬ್ಯಾಗಿನಲ್ಲಿ ಪಾಸು ಹುಡುಕುವುದೆಂದರೆ ಗಣಿಯಲ್ಲಿ ಚಿನ್ನ ಹುಡುಕಿದಂತೆ. ಊಟದ ಡಬ್ಬಿಗೆ ಪ್ರತ್ಯೇಕ ಖಾನೆ ಬೇಕು, ಇಲ್ಲದಿದ್ದರೆ ಸಾರು ಸರ್ಟಿಫಿಕೇಟಿಗೆ ಇಳಿದೀತು. ಹಣ, ಫೋನು ಇಡುವ ಜೇಬು ಬೆನ್ನಿಗೆ ತಾಗುವ ಕಡೆಯಲ್ಲಿರಲಿ. ನೂಕುನುಗ್ಗಲಿನಲ್ಲಿ ಬೆನ್ನಿನ ಬ್ಯಾಗನ್ನು ಎದೆಯ ಕಡೆಗೆ ತಿರುಗಿಸಿಕೊಳ್ಳಿ. ಕಳ್ಳರ ಭಯವೂ ಇಲ್ಲ, ಹಿಂದೆ ನಿಂತವರ ಮೂತಿಗೆ ಗುದ್ದುವ ಪಾಪವೂ ಇಲ್ಲ. ಹೆಣ್ಣುಮಕ್ಕಳಿಗೆ ಅದೊಂದು ಗುರಾಣಿಯೂ ಹೌದು. ತಳ ದಪ್ಪವಾಗಿರಲಿ, ಏಕೆಂದರೆ ಸೀಟು ಸಿಗದ ದಿನ ಬ್ಯಾಗನ್ನು ಕಾಲ ಬಳಿ ಇಳಿಸುವುದೇ ಜಾಣತನ. ಹೆಗಲಿಗೆ ವಿಶ್ರಾಂತಿ ಕೊಡಲು ನಾಚಿಕೆ ಬೇಡ.

ಕೊಳ್ಳುವ ಮುಂಚೆ ಖಾಲಿ ಮಾಡಿ

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಮಾತು ಉಳಿದಿದೆ. ಎಂಥ ಬ್ಯಾಗು ಕೊಂಡರೂ ಅದರೊಳಗೆ ಎಂಟು ಕಿಲೋ ತುಂಬಿದರೆ ಹೊರುವುದು ಎಂಟು ಕಿಲೋವೇ.

ಮಕ್ಕಳ ವಿಷಯದಲ್ಲಿ ಇದು ನಮಗೆ ಎಂದೋ ಹೊಳೆದಿದೆ. ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿ 1989ರಲ್ಲಿ ಮಾಡಿದ ಮೊದಲ ಭಾಷಣದ ವಿಷಯವೇ ಶಾಲಾಮಕ್ಕಳ ಚೀಲದ ಭಾರ. ಮುಂದೆ ವಿಜ್ಞಾನಿ ಯಶಪಾಲ್ ಅವರ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆ ಹೇಗೆಂದು ವರದಿ ಕೊಟ್ಟಿತು. ಕರ್ನಾಟಕ ಸರ್ಕಾರ 2019ರಲ್ಲಿ ತರಗತಿವಾರು ಮಿತಿ ನಿಗದಿ ಮಾಡಿತು. ಒಂಬತ್ತು, ಹತ್ತನೆಯ ತರಗತಿಯವರ ಚೀಲವೂ 5 ಕಿಲೋ ಮೀರುವಂತಿಲ್ಲ. ಕೇಂದ್ರದ 2020ರ ಶಾಲಾ ಚೀಲ ನೀತಿ, ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಭಾಗ ದಾಟಬಾರದು ಎನ್ನುತ್ತದೆ. ದೊಡ್ಡವರಿಗೆ ಅಂಥ ಕಾನೂನಿಲ್ಲ. ಸ್ಕೂಲು ಬಿಟ್ಟ ಮರುದಿನ ನಮ್ಮ ಬೆನ್ನುಮೂಳೆ ಕಬ್ಬಿಣದ್ದಾಗಿಬಿಡುತ್ತದೆಯೇ? ನಮಗೆ ನಾವೇ ಕಾನೂನು ಮಾಡಿಕೊಳ್ಳಬೇಕು. ಆ ಹತ್ತನೆಯ ಒಂದು ಭಾಗವೇ ಒಳ್ಳೆಯ ಅಳತೆ.

ಅಂದು ನಾವು ಮಾಡಿದ್ದೂ ಅದನ್ನೇ. ಹುಡುಗಿಯ ಬ್ಯಾಗನ್ನು ಚಾಪೆಯ ಮೇಲೆ ಸುರಿದು ಒಂದೊಂದನ್ನೇ ತೂಗಿದೆವು. ಬ್ಯಾಗು 1,450 ಗ್ರಾಂ, ಲ್ಯಾಪ್‌ಟಾಪು ಮತ್ತು ಚಾರ್ಜರ್ 2,300, ಒಂದು ಲೀಟರಿನ ಸ್ಟೀಲ್ ಬಾಟಲಿ ನೀರು ಸಮೇತ 1,300, ಊಟದ ಡಬ್ಬಿ 1,100, ಫೋನು, ಪವರ್ ಬ್ಯಾಂಕು, ಪರ್ಸು, ಬೀಗದ ಕೈ ಸೇರಿ 650, ಎರಡು ಡೈರಿ 450, ಕೊಡೆ 400, ಉಳಿದ ಸಣ್ಣಪುಟ್ಟವು 250. ಆ ಸಣ್ಣಪುಟ್ಟದರಲ್ಲಿ ಹಳೆಯ ರಸೀದಿಗಳು, ಬರೆಯದ ಮೂರು ಪೆನ್ನು, ಸಂದರ್ಶನದ ದಿನದ ಹಾಲ್ ಟಿಕೆಟ್ಟಿನ ನಕಲು ಕೂಡ ಇದ್ದವು.

ಚಾರ್ಜರ್ ಆಫೀಸಿನ ಮೇಜಿನ ಡ್ರಾಯರಿನಲ್ಲೇ ಇರಲಿ ಎಂದೆವು. ಒಂದು ಲೀಟರಿನ ಬದಲು ಅರ್ಧ ಲೀಟರಿನ ಬಾಟಲಿ. ಮುಗಿದರೆ ಆಫೀಸಿನಲ್ಲಿ ತುಂಬಿಸಿಕೊಳ್ಳಬಹುದು. ಪವರ್ ಬ್ಯಾಂಕು ಮನೆಗೆ, ಡೈರಿ ಒಂದು ಸಾಕು, ಅದೂ ಸಣ್ಣದು. ಡಬ್ಬಿ ಹಗುರವಾದದ್ದು. ಮಳೆಗಾಲ ಮುಗಿದ ಮೇಲೆ ಕೊಡೆ ಬೇಡ. ಬ್ಯಾಗು 800 ಗ್ರಾಮಿನದು. ಮತ್ತೆ ಕೂಡಿ ನೋಡಿದರೆ 4 ಕಿಲೋ 900 ಗ್ರಾಂ. ಮೂರು ಕಿಲೋ ಇಳಿದುಹೋಗಿತ್ತು, ಅದಕ್ಕೆ ಬೇಕಾದದ್ದು ಒಂದು ಭಾನುವಾರದ ಅರ್ಧ ಗಂಟೆ ಮಾತ್ರ.

ಮುಂದಿನ ವಾರ ಅವಳು ತಾನೇ ಹೋಗಿ, ಹಳೆಯ ಸಾಮಾನು ತುಂಬಿ ನಡೆದು ನೋಡಿ, ಕಡು ನೀಲಿ ಬಣ್ಣದ ಬೆನ್ನಿನ ಬ್ಯಾಗೊಂದನ್ನು ತಂದಳು. ಒಂದೆರಡು ತಿಂಗಳಲ್ಲಿ ಬೆರಳಿನ ಜೋಮು ಹೋಯಿತು. ಎಲ್ಲ ನೋವಿಗೂ ಚೀಲವೇ ಕಾರಣವೆಂದು ಯಾರೂ ತಿಳಿಯಬಾರದು. ಭಾರ ಇಳಿಸಿದ ಮೇಲೂ ಜೋಮು ಉಳಿದರೆ, ಕೈಯಲ್ಲಿ ಶಕ್ತಿ ಕುಂದಿದರೆ, ಎದೆನೋವು ಜೊತೆಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಇವಳ ವಿಷಯದಲ್ಲಿ ಮಾತ್ರ ಔಷಧಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿತ್ತು. ಕೆಲಸ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಚರ್ಮದ ಬ್ಯಾಗನ್ನು ಅವಳು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುವುದಾಗಿ ಹೇಳಿದಳು. ‘ಬೇಡಮ್ಮ, ನನಗೆ ಕೊಡು’ ಎಂದು ಕೇಳಿ ಇಸಿದುಕೊಂಡೆ. ಈಗ ಅದು ನಮ್ಮ ಸ್ಕೂಲಿನ ಪ್ರಯೋಗಾಲಯದ ಕಪಾಟಿನಲ್ಲಿದೆ. ಒತ್ತಡದ ಪಾಠ ಬಂದಾಗ ಅದರೊಳಗೆ ನಾಲ್ಕು ಪುಸ್ತಕ ತುಂಬಿ ಮಕ್ಕಳ ಹೆಗಲಿಗೆ ಒಂದು ನಿಮಿಷ ತೂಗುಹಾಕುತ್ತೇನೆ. ಆಮೇಲೆ ಪಟ್ಟಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು ಇನ್ನೊಂದು ನಿಮಿಷ. ವ್ಯತ್ಯಾಸ ಏನೆಂದು ಅವರೇ ಹೇಳುತ್ತಾರೆ. ಇಂಥ ಬ್ಯಾಗನ್ನು ಕೊಂಡುತಂದವರು ಯಾರು ಎಂದು ಒಬ್ಬ ಹುಡುಗ ಕೇಳಿದ. ‘ಒಬ್ಬರು ವಿಜ್ಞಾನದ ಮೇಷ್ಟ್ರು’ ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.